ಜಪಾನೀ ಓದೋಕೆ ಬರುತ್ತೆ, ಬರೆಯೋಕೆ ಕೂತರೆ ಕೈ ನಿಲ್ಲುತ್ತೆ. ಎಲ್ಲಿ ತಪ್ಪುತ್ತಿದೆ?

ಹೊಳಲು_ರಸ್ತೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಜೆಎಲ್‌ಪಿಟಿ ಎನ್5, ಅಂದರೆ ಜಪಾನೀ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಮೊದಲನೆಯದು, ಬರೆಯಬೇಕು ಅಂತಿದ್ದೀನಿ. ಉಚ್ಚಾರ ಬರೆಯೋ ಎರಡು ಲಿಪಿ, ಹಿರಾಗಾನಾ ಮತ್ತು ಹೊರಗಿನ ಪದಗಳಿಗೆ ಬಳಸೋ ಕಟಾಕಾನಾ, ಎರಡೂ ಸಲೀಸಾಗಿ ಓದ್ತೀನಿ. ಕಾಂಜಿ, ಅಂದರೆ ಚೀನೀ ಮೂಲದ ಪದಾಕ್ಷರಗಳು, ಎಂಬತ್ತರ ಹತ್ತಿರ ನೋಡಿದ ತಕ್ಷಣ ಗುರುತು ಸಿಗುತ್ತೆ. ಪುಸ್ತಕ ಮುಚ್ಚಿ ಬರೆಯೋಕೆ ಕೂತರೆ ಅದರಲ್ಲಿ ಅರ್ಧವೂ ಕೈಗೆ ಬರಲ್ಲ.

ತಪ್ಪು ಬೀಳೋ ಜಾಗಗಳನ್ನ ಹೇಳಿಬಿಡ್ತೀನಿ. ಫೋನಿನಲ್ಲಿ ಇರೋ ಹಾಗೇ ನೋಡಿ ಬರೆದರೂ ‘ಸಾ’, ‘ಕೀ’ ಎರಡಕ್ಕೂ ತಿದ್ದೋರ ಕೆಂಪು ಗೆರೆ. ಕಟಾಕಾನಾದಲ್ಲಿ ‘ಶಿ’ ಬರೆದರೆ ‘ತ್ಸು’ ಅಂತ ಓದ್ತಾರೆ. ಉಕ್ತಲೇಖನದಲ್ಲಿ ದೀರ್ಘ ಎಲ್ಲಿ, ಒತ್ತು ಎಲ್ಲಿ ಅಂತ ಗೊಂದಲ. ಕಾಂಜಿ ಬರೆದರೆ ಎಡಭಾಗ ಊದಿಕೊಂಡು ಬಲಭಾಗಕ್ಕೆ ಜಾಗವೇ ಉಳಿಯಲ್ಲ, ಒಂದು ಅಕ್ಷರ ಎರಡಾಗಿ ಕಾಣುತ್ತೆ.

ಇವನ್ನ ಯಾವ ಕ್ರಮದಲ್ಲಿ ಸರಿ ಮಾಡಿಕೊಳ್ಳಬೇಕು? ಜಪಾನಿನ ಮಕ್ಕಳು ಬಳಸೋ ಚೌಕದ ನೋಟ್‌ಬುಕ್ಕಿಗೆ ಬದಲು ಇಲ್ಲಿ ಏನು ಬಳಸಬಹುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕುಕ್ಕರಹಳ್ಳಿ_ದಂಡೆ, ಮೈಸೂರು:

ಮೊದಲು ಫೋನಿನ ವಿಚಾರ ಸರಿ ಮಾಡಿಕೊಳ್ಳಿ. ಅದು ಸರಿಯಾಗದೆ ಎಷ್ಟು ತಿದ್ದಿದರೂ ತಪ್ಪನ್ನೇ ತಿದ್ದಿದ ಹಾಗಾಗುತ್ತದೆ.

ಫೋನಿನಲ್ಲಿ ಕಾಣುವುದು ಅಚ್ಚಿನ ಅಕ್ಷರ. ಹಿರಗನದ ‘ಸ’ ಅಚ್ಚಿನಲ್ಲಿ ಎರಡೇ ಗೆರೆಯಂತೆ ಕಾಣುತ್ತದೆ, ಕೆಳಗಿನ ಬಳುಕು ಓರೆಗೆರೆಗೆ ಅಂಟಿಕೊಂಡಿರುತ್ತದೆ. ಕೈಬರಹದಲ್ಲಿ ಅದು ಮೂರು ಗೆರೆ: ಒಂದು ಅಡ್ಡಗೆರೆ, ಅದನ್ನು ದಾಟಿ ಬಲಕ್ಕೆ ಇಳಿಯುವ ಓರೆಗೆರೆ, ಆಮೇಲೆ ಪೆನ್ಸಿಲ್ ಎತ್ತಿ ಕೆಳಗೆ ಬೇರೆಯಾಗಿ ಬಟ್ಟಲ ತಳದಂಥ ಒಂದು ಬಳುಕು. ‘ಕಿ’ ಅದೇ ರೀತಿ, ಅಡ್ಡಗೆರೆ ಒಂದು ಹೆಚ್ಚು, ಒಟ್ಟು ನಾಲ್ಕು. ನೀವು ಆ ಎರಡು ಗೆರೆ ಕೂಡಿಸಿ ಬರೆಯುತ್ತಿದ್ದೀರಿ, ಕೆಂಪು ಗೆರೆ ಬೀಳುವುದು ಅದಕ್ಕೇ. ಇನ್ನು ‘ಮಿಂಚೊ’ ಅನ್ನುವ ಪತ್ರಿಕೆ ಅಚ್ಚಿನಲ್ಲಿ ಅಡ್ಡಗೆರೆಯ ಬಲತುದಿಗೆ ಪುಟ್ಟ ತ್ರಿಕೋನ ಇರುತ್ತದೆ. ಅದಕ್ಕೆ ‘ಉರೊಕೊ’, ಅಂದರೆ ಮೀನಿನ ಹುರುಪೆ ಎಂದು ಹೆಸರು. ಅದು ಅಚ್ಚಿನ ಅಲಂಕಾರ. ಅದನ್ನೂ ಒಂದು ಗೆರೆ ಎಂದುಕೊಂಡು ಬರೆಯುವವರು ಬಹಳ ಮಂದಿ.

ನೋಡಿ ಬರೆಯಲು ‘ಕ್ಯೋಕಶೊ’ ಮಾದರಿಯ ಫಾಂಟೇ ಬೇಕು, ಪಠ್ಯಪುಸ್ತಕದ ಅಕ್ಷರ ಎಂದರ್ಥ. ಕೈಬರಹದ ಗೆರೆ ಹೇಗಿರುತ್ತದೋ ಹಾಗೇ ಅದರಲ್ಲಿ ಇರುತ್ತದೆ. 2017ರ ಕೊನೆಯ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ‘ಯುಡಿ ಡಿಜಿಟಲ್ ಕ್ಯೋಕಶೊ’ ಸಿಗುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಜಪಾನೀಸ್ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಳ್ಳಿ.

ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ಮೋಸ ಅಡಗಿದೆ. ಕಂಪ್ಯೂಟರಿನ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಚೀನೀ, ಜಪಾನೀ ರೂಪಗಳಿಗೆ ಹಲವು ಕಡೆ ಒಂದೇ ಸಂಖ್ಯೆ ಕೊಟ್ಟಿದ್ದಾರೆ. ಫೋನಿನ ಭಾಷೆಗಳ ಪಟ್ಟಿಯಲ್ಲಿ ಜಪಾನೀ ಇಲ್ಲದಿದ್ದರೆ ಅದು ಚೀನೀ ರೂಪವನ್ನೇ ತೋರಿಸಬಹುದು. ಪರೀಕ್ಷಿಸುವುದು ಸುಲಭ. ‘ಹೊನೆ’, ಅಂದರೆ ಮೂಳೆ, ಆ ಕಂಜಿಯನ್ನು ದೊಡ್ಡದು ಮಾಡಿ ನೋಡಿ. ತಲೆಯೊಳಗಿನ ಪುಟ್ಟ ಚೌಕ ಬಲಕ್ಕಿದ್ದರೆ ಜಪಾನೀ, ಎಡಕ್ಕಿದ್ದರೆ ಚೀನೀ. ಎಡಕ್ಕಿದ್ದರೆ ಸೆಟ್ಟಿಂಗ್ಸ್‌ನ ಭಾಷೆಗಳಲ್ಲಿ ಕನ್ನಡ ಅಥವಾ ಇಂಗ್ಲಿಷಿನ ಕೆಳಗೆ ಜಪಾನೀ ಸೇರಿಸಿ, ಸರಿಹೋಗುತ್ತದೆ.

ಈಗ ಕೈಯ ವಿಚಾರ. ಕನ್ನಡ ಬರೆಯುವ ಕೈ ಸುತ್ತುವ ಕೈ. ‘ಅ’ ಆಗಲಿ ‘ಣ’ ಆಗಲಿ, ಪೆನ್ನು ಹಾಳೆ ಬಿಡದೆ ಮುಗಿಯುತ್ತದೆ, ಗೆರೆ ಹೇಗೆ ಕೊನೆಯಾಯಿತು ಎಂದು ನಾವು ನೋಡುವುದೇ ಇಲ್ಲ. ಜಪಾನಿಯಲ್ಲಿ ಗೆರೆಯ ಕೊನೆಗೆ ಮೂರು ರೀತಿ: ‘ತೊಮೆ’ ಅಂದರೆ ಒತ್ತಿ ನಿಲ್ಲಿಸುವುದು, ‘ಹನೆ’ ಅಂದರೆ ನಿಲ್ಲಿಸಿ ಕೊಕ್ಕೆಯಂತೆ ಚಿಮ್ಮಿಸುವುದು, ‘ಹರೈ’ ಅಂದರೆ ಒತ್ತಡ ಕಡಿಮೆ ಮಾಡುತ್ತಾ ಹಾಳೆಯಿಂದ ಜಾರಿಸುವುದು. ಬಾಲ್‌ಪೆನ್ನಿನಲ್ಲಿ ಈ ಮೂರರ ವ್ಯತ್ಯಾಸ ಕಾಣುವುದಿಲ್ಲ. 2ಬಿ ಪೆನ್ಸಿಲ್ ತೆಗೆದುಕೊಳ್ಳಿ, ಜಪಾನಿನ ಚಿಕ್ಕ ಮಕ್ಕಳೂ ಬಿ ಅಥವಾ 2ಬಿಯನ್ನೇ ಹಿಡಿಯುವುದು. ಎಚ್‌ಬಿ ಗಟ್ಟಿ, ಅದನ್ನು ಒತ್ತಿ ಬರೆಯುವ ಕೈಗೆ ಹರೈ ಬರುವುದು ತಡ.

ಸುರುಳಿಯ ಅಭ್ಯಾಸ ಹಿರಗನದಲ್ಲೂ ಕಾಡುತ್ತದೆ. ‘ರೆ’, ‘ವ’, ‘ನೆ’ ಮೂರರ ಎಡಭಾಗ ಒಂದೇ, ಬಾಲ ಮಾತ್ರ ಬೇರೆ: ‘ರೆ’ ಹೊರಕ್ಕೆ ಚಿಮ್ಮುತ್ತದೆ, ‘ವ’ ಒಳಕ್ಕೆ ಬಾಗಿ ಮುಗಿಯುತ್ತದೆ, ‘ನೆ’ ಒಳಕ್ಕೆ ಬಾಗಿ ಗಂಟು ಹಾಕಿಕೊಳ್ಳುತ್ತದೆ. ನಮ್ಮ ಕೈ ಮೂರಕ್ಕೂ ಗಂಟು ಹಾಕಲು ಹೋಗುತ್ತದೆ.

‘ಶಿ’ ಮತ್ತು ‘ತ್ಸು’ ಗೊಂದಲಕ್ಕೆ ಕಾರಣ ಆಕಾರವನ್ನು ಚಿತ್ರದ ಹಾಗೆ ನೆನಪಿಟ್ಟುಕೊಳ್ಳುವುದು. ಕೈಯ ದಿಕ್ಕನ್ನು ನೆನಪಿಡಿ. ‘ಶಿ’ಯ ಎರಡು ಪುಟ್ಟ ಗೆರೆಗಳು ಎಡಗಡೆ ಒಂದರ ಕೆಳಗೊಂದು, ಹೆಚ್ಚುಕಡಿಮೆ ಮಲಗಿರುತ್ತವೆ. ಮೂರನೆಯದು ಕೆಳಗಿನಿಂದ ಬಲಮೇಲಕ್ಕೆ ಹೋಗುತ್ತದೆ. ‘ತ್ಸು’ವಿನ ಪುಟ್ಟ ಗೆರೆಗಳು ಮೇಲ್ಗಡೆ ಪಕ್ಕಪಕ್ಕ ನಿಂತಿರುತ್ತವೆ. ಮೂರನೆಯದು ಮೇಲಿಂದ ಎಡಕೆಳಕ್ಕೆ ಇಳಿಯುತ್ತದೆ. ಒಂದು ಪುಟ್ಟ ಗೆರೆ ತೆಗೆದುಬಿಟ್ಟರೆ ಮೊದಲನೆಯದು ‘ನ್’, ಎರಡನೆಯದು ‘ಸೊ’. ಉದ್ದ ಗೆರೆ ಎಲ್ಲಿ ಶುರುವಾಯಿತು ಅನ್ನುವುದನ್ನು ಓದುವವರು ಅದರ ದಪ್ಪದಿಂದಲೇ ಹಿಡಿಯುತ್ತಾರೆ: ಶುರು ದಪ್ಪ, ಕೊನೆ ಸಣ್ಣ.

ಕೊನೆಗೆ ಹಾಳೆ. ಲೆಕ್ಕದ ಚೌಕಳಿ ಪುಸ್ತಕದ ಮನೆ ಚಿಕ್ಕದು, ನಡುಗೆರೆಯೂ ಇಲ್ಲ. ಅದಕ್ಕಿಂತ ಗ್ರಾಫ್ ಹಾಳೆ ಒಳ್ಳೆಯದು, ಮಂಡ್ಯದ ಪೇಟೆ ಬೀದಿಯಲ್ಲಾಗಲಿ ಇಲ್ಲಿ ಶಿವರಾಂಪೇಟೆಯಲ್ಲಾಗಲಿ ಯಾವ ಸ್ಟೇಷನರಿ ಅಂಗಡಿಯಲ್ಲೂ ಕೇಳಬಹುದು. 2 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲಕ್ಕೆ ಒಂದು ಮನೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ನಡುವಿನ 1 ಸೆಂ.ಮೀ. ಗೆರೆಗಳು ತಾವಾಗಿಯೇ ಶಿಲುಬೆಯಂತೆ ಮನೆಯನ್ನು ನಾಲ್ಕು ಪಾಲು ಮಾಡುತ್ತವೆ. ಜಪಾನೀ ಅಭ್ಯಾಸ ಪುಸ್ತಕದಲ್ಲಿ ಚುಕ್ಕಿಗೆರೆಯಲ್ಲಿ ಇರುವುದೂ ಅದೇ. 18 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದದ ಜಾಗ ಸಿಕ್ಕರೆ ಹಾಳೆಗೆ 108 ಮನೆ.

ಎಡಭಾಗ ಊದುವುದಕ್ಕೆ ಈ ನಡುಗೆರೆಯೇ ಮದ್ದು. ‘ಹಯಶಿ’, ಅಂದರೆ ತೋಪು, ಎರಡು ಮರ ಪಕ್ಕಪಕ್ಕ ನಿಂತ ಕಂಜಿ. ಎರಡನ್ನೂ ಒಂದೇ ಅಳತೆಗೆ ಬರೆದರೆ ತಪ್ಪಾಗಿ ಕಾಣುತ್ತದೆ. ಎಡಮರದ ಅಡ್ಡಗೆರೆ ಗಿಡ್ಡ, ಅದರ ಬಲರೆಂಬೆ ಉದ್ದಕ್ಕೆ ಹೋಗದೆ ಪುಟ್ಟ ಚುಕ್ಕೆಯಾಗಿ ನಿಲ್ಲಬೇಕು. ಬಲಮರ ಅಗಲ, ಅದರ ರೆಂಬೆಗಳು ಪೂರ್ತಿ ಚಾಚಬೇಕು. ಎಡಭಾಗವಾಗಿ ಬಂದ ಅಂಗ ಯಾವುದೇ ಇರಲಿ, ಸಾಮಾನ್ಯವಾಗಿ ಮೈ ಕುಗ್ಗಿಸಿಕೊಂಡು ಬಲದವನಿಗೆ ಜಾಗ ಬಿಡುತ್ತದೆ. ನಡುಗೆರೆಯ ಎಡಕ್ಕೇ ಅದು ಮುಗಿಯಲಿ.

ಸೊನ್ನೆ_ಒತ್ತು, ಮೈಸೂರು:

ಉಕ್ತಲೇಖನದ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲ ಇದೆ, ಅದನ್ನ ಬಿಟ್ಟು ಇಂಗ್ಲಿಷ್ ಅಕ್ಷರದ ಮೂಲಕ ಕಲಿತು ಕೈಯಾರೆ ಕಳೆದುಕೊಳ್ತೀವಿ. ನೀವು ‘ಹಿರಾಗಾನಾ, ಕಟಾಕಾನಾ’ ಅಂತ ಬರೆದಿದ್ದೀರಿ. ಅವರ ಬಾಯಲ್ಲಿ ಅದು ಹಿರಗನ, ಕತಕನ. ಒಂದೂ ದೀರ್ಘ ಇಲ್ಲ, ‘ಟ’ ಅಲ್ಲ ‘ತ’. ಕಾಂಜಿ ಅಲ್ಲ, ಕಂಜಿ. ಇಂಗ್ಲಿಷಿನಲ್ಲಿ ಹ್ರಸ್ವ ದೀರ್ಘ ತೋರಿಸೋಕೆ ದಾರಿ ಇಲ್ಲದೆ ನಮ್ಮ ಕಿವಿಯೂ ಮಂದ ಆಗಿದೆ.

ಹಾಗಾಗಿ ಉಕ್ತಲೇಖನದಲ್ಲಿ ಕೇಳಿದ್ದನ್ನ ಮೊದಲು ಕನ್ನಡ ಲಿಪಿಯಲ್ಲಿ ಬರೀರಿ, ಅದರ ಕೆಳಗೆ ಹಿರಗನ ಬರೀರಿ. ‘ಒಬಸಾನ್’ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಅಜ್ಜಿ. ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆ ಚೀಟಿ. ಕನ್ನಡದಲ್ಲಿ ಬರೆದಾಗ ಈ ಅಂತರ ತಪ್ಪಿಸಿಕೊಳ್ಳೋಕೆ ಆಗಲ್ಲ.

ಆಮೇಲೆ ಪರಿವರ್ತನೆ. ‘ಓ’ ಬಂದರೆ ಸಾಮಾನ್ಯವಾಗಿ ಒಕಾರದ ಮುಂದೆ ‘ಉ’ ಬರುತ್ತೆ. ಗಕ್ಕೋ, ಅಂದರೆ ಶಾಲೆ: ಗ, ಚಿಕ್ಕ ತ್ಸು (ಒತ್ತು ತೋರಿಸೋ ಗುರುತು), ಕೊ, ಉ. ಇದಕ್ಕೆ ಹೊರತಾದ ಕೆಲವನ್ನ ಬಾಯಿಪಾಠ ಮಾಡಲೇಬೇಕು, ಅಲ್ಲಿ ‘ಉ’ ಬದಲು ‘ಒ’ ಬರುತ್ತೆ: ಓಕೀ (ದೊಡ್ಡ), ಓಇ (ಬಹಳ), ತೋಇ (ದೂರ), ತೋ (ಹತ್ತು), ಕೋರಿ (ಮಂಜುಗಡ್ಡೆ), ತೋರು (ಹಾದುಹೋಗು). ‘ಏ’ ಬಂದರೆ ಎಕಾರದ ಮುಂದೆ ‘ಇ’. ಸೆನ್ಸೇ: ಸೆ, ನ್, ಸೆ, ಇ. ಅಕ್ಕ ಅನ್ನೋ ‘ಒನೇಸಾನ್’ ಇದಕ್ಕೆ ಹೊರತು, ಅಲ್ಲಿ ‘ನೆ’ ಮುಂದೆ ‘ಎ’.

ಒತ್ತಕ್ಷರದಲ್ಲಿ ನಮಗೇ ಮೀಸಲಾದ ಒಂದು ಹಳ್ಳ ಇದೆ. ಕ್ಕ, ತ್ತ, ಪ್ಪ, ಸ್ಸ ಇವಕ್ಕೆಲ್ಲ ಚಿಕ್ಕ ತ್ಸು. ಅದೇ ಲೆಕ್ಕದಲ್ಲಿ ‘ಒನ್ನ’, ಅಂದರೆ ಹೆಂಗಸು, ಅದಕ್ಕೂ ಚಿಕ್ಕ ತ್ಸು ಹಾಕಿಬಿಡ್ತೀವಿ. ತಪ್ಪು. ನ್ನ, ಮ್ಮ ಕೇಳಿಸಿದ ಕಡೆ ‘ನ್’ ಅಕ್ಷರವೇ ಬರಬೇಕು: ಒ, ನ್, ನ. ಸೊನ್ನೆ ಬರೋ ಕಡೆಯೂ ಅದೇ ‘ನ್’. ಪತ್ರಿಕೆ ಅನ್ನೋ ‘ಶಿಂಬುನ್’ನಲ್ಲಿ ಕಿವಿಗೆ ಮಕಾರ ಕೇಳುತ್ತೆ, ನಾವು ಸೊನ್ನೆ ಹಾಕ್ತೀವಿ, ಅವರು ‘ನ್’ ಹಾಕ್ತಾರೆ. ನಮ್ಮ ಸೊನ್ನೆ ಮುಂದಿನ ಅಕ್ಷರಕ್ಕೆ ತಕ್ಕ ಹಾಗೆ ಹೇಗೆ ಬದಲಾಗುತ್ತೋ ಅವರ ‘ನ್’ ಕೂಡ ಹಾಗೇ.

ಯ ಒತ್ತು: ‘ಕ್ಯೊ’ ಅಂದರೆ ಕ್ ಮತ್ತು ಯೊ ಅಂತ ಯೋಚಿಸಿ ‘ಕು’ ಬರೆಯೋರಿದ್ದಾರೆ. ಯಾವಾಗಲೂ ಇಕಾರದ ಅಕ್ಷರ ತಗೊಂಡು ಪಕ್ಕದಲ್ಲಿ ಚಿಕ್ಕ ಯ, ಯು, ಯೊ. ತೋಕ್ಯೋ ಬರೆಯೋಕೆ ಐದು ಮನೆ ಬೇಕು: ತೊ, ಉ, ಕಿ, ಚಿಕ್ಕ ಯೊ, ಉ. ಚಿಕ್ಕದಾದರೂ ಅದಕ್ಕೆ ಪೂರ್ತಿ ಒಂದು ಮನೆ.

ಟೈಪ್ ಮಾಡುವಾಗ ‘ಒನ್ನ’ಕ್ಕೆ ಇಂಗ್ಲಿಷ್ ಎನ್ ಮೂರು ಸಲ ಒತ್ತಿ. ಎರಡೇ ಒತ್ತಿದರೆ ‘ಒನ್‌ಅ’ ಆಗುತ್ತೆ.

ಮಾನಂದವಾಡಿ_ರಸ್ತೆ, ಮೈಸೂರು:

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಆದರೆ ಇವರು ಬರೀತಿರೋದು ಜೆಎಲ್‌ಪಿಟಿ. ಎನ್5ರಿಂದ ಎನ್1ರವರೆಗೆ ಒಂದು ಅಕ್ಷರವನ್ನೂ ಕೈಯಲ್ಲಿ ಬರೆಯೋ ಪ್ರಶ್ನೆ ಇಲ್ಲ, ಎಲ್ಲ ಗುರುತು ಹಾಕೋದೇ. ಡಿಸೆಂಬರ್‌ಗೆ ಉಳಿದಿರೋ ದಿನಗಳಲ್ಲಿ ಕೇಳೋದು, ಓದೋದು ಜಾಸ್ತಿ ಮಾಡಿ, ಕಂಜಿ ಬರವಣಿಗೆ ಪರೀಕ್ಷೆ ಆದಮೇಲೆ ಇಟ್ಟುಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಹಿರಗನ, ಕತಕನ ಬರವಣಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಒಂಟಿಕೊಪ್ಪಲ್_ಕಂಜಿ, ಮೈಸೂರು:

ಮಾನಂದವಾಡಿಯವರ ಮಾತಿಗೆ ಅರ್ಧ ಒಪ್ಪಿಗೆ. ಪರೀಕ್ಷೆಯಲ್ಲಿ ಬರೆಯುವುದಿಲ್ಲ, ನಿಜ. ಆದರೆ ಆಯ್ಕೆಗಳಲ್ಲಿ ಇಡುವುದೇ ಒಂದಕ್ಕೊಂದು ಹೋಲುವ ಅಕ್ಷರಗಳನ್ನು. ‘ಕಾಯು’ ಅನ್ನುವ ಕಂಜಿಗೂ ‘ಹಿಡಿ’ ಅನ್ನುವ ಕಂಜಿಗೂ ಬಲಭಾಗ ಒಂದೇ, ಎಡಭಾಗ ಮಾತ್ರ ಬೇರೆ. ಕಣ್ಣಿನ ಗುರುತಿನಲ್ಲಿ ಕಲಿತವರು ಅಲ್ಲೇ ಎಡವುತ್ತಾರೆ. ಕೈಯಲ್ಲಿ ಬರೆದವರಿಗೆ ಎಡಭಾಗ ಯಾವುದೆಂದು ಅನುಮಾನ ಬರುವುದು ಕಡಿಮೆ. ಹಾಗಾಗಿ ಪೂರ್ತಿ ಬಿಡಬೇಡಿ, ಅಳತೆ ಇಟ್ಟುಕೊಳ್ಳಿ.

ಅಳತೆ ಹೀಗೆ. ಜಪಾನಿನ ದೈನಂದಿನ ಬಳಕೆಯ ಪಟ್ಟಿಯಲ್ಲಿ 2136 ಕಂಜಿ. ಅದರಲ್ಲಿ ಪ್ರಾಥಮಿಕ ಶಾಲೆಯ ಆರು ವರ್ಷಕ್ಕೆ 1026, ಒಂದನೇ ತರಗತಿಗೆ ಬರೀ 80. ಆ 80ನ್ನು ದಿನಕ್ಕೆ 5ರಂತೆ ಹಿಡಿದರೆ 16 ದಿನ. ಆ ಎಂಬತ್ತು ಕೈಗೆ ಬಂದರೆ ಮುಂದಿನವು ಹೆಚ್ಚಾಗಿ ಅವುಗಳದೇ ಜೋಡಣೆ: ಮರ, ಬಾಯಿ, ಕಣ್ಣು, ನೀರು, ಬಿಸಿಲು.

ಒಂದೊಂದು ಕಂಜಿಯನ್ನು ನೋಡಿಕೊಂಡು ಮೂರು ಸಲ, ಮುಚ್ಚಿ ಎರಡು ಸಲ. ಅಷ್ಟು ಸಾಕು. ಸಾಲುಗಟ್ಟಲೆ ಮೂವತ್ತು ಸಲ ಬರೆದರೆ ನಾಲ್ಕನೆಯದರಿಂದ ಕಣ್ಣು ಪಕ್ಕದ ಮನೆಯನ್ನೇ ನಕಲು ಮಾಡುತ್ತಿರುತ್ತದೆ, ಮೊದಲ ತಪ್ಪು ಕೊನೆಯ ಮನೆಗೆ ಹೋಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಬೇಗ ಮುಗಿಸಲು ಇಡೀ ಸಾಲಿಗೆ ಎಡಭಾಗ ಬರೆದು ಆಮೇಲೆ ಬಲಭಾಗ ತುಂಬುವುದಂತೂ ಮಾಡಲೇಬೇಡಿ. ಮಾರನೇ ದಿನ, ಮೂರನೇ ದಿನ, ಏಳನೇ ದಿನ ನೋಡದೆ ಬರೆಯಿರಿ. ಆಂಕಿ ಅನ್ನುವ ನೆನಪಿನ ಕಾರ್ಡುಗಳ ಆ್ಯಪ್ ಬಳಸುವವರು ಕಾರ್ಡನ್ನು ತಿರುವಿ ಹಾಕಿ: ಮುಂದೆ ಹಿರಗನದ ಓದು ಮತ್ತು ಕನ್ನಡ ಅರ್ಥ, ಹಿಂದೆ ಕಂಜಿ. ಮುಂದೆ ಕಂಜಿ ಇಟ್ಟರೆ ಓದುವ ಅಭ್ಯಾಸ ಮಾತ್ರ ಆಗುತ್ತದೆ. ನಿಮಗೆ ಈಗ ಆಗಿರುವುದು ಅದೇ.

ಗೆರೆಯ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡ ಮೊದಲು ನೀಟ ಆಮೇಲೆ ಅನ್ನುವಷ್ಟರಿಂದ ಬಹುಪಾಲು ನಡೆಯುತ್ತದೆ. ‘ಬಾಯಿ’ ಅನ್ನುವ ಚೌಕ ಮೂರು ಗೆರೆ: ಎಡಗೋಡೆ, ಮೇಲ್ಚಾವಣಿ ಮತ್ತು ಬಲಗೋಡೆ ಸೇರಿ ಒಂದೇ ಗೆರೆ, ಕೊನೆಗೆ ತಳ. ನಾಲ್ಕು ಎಂದು ಎಣಿಸಿದರೆ ಗೆರೆ ಲೆಕ್ಕದ ನಿಘಂಟಿನಲ್ಲಿ ಅಕ್ಷರ ಸಿಗುವುದೇ ಇಲ್ಲ. ಹೊರತುಗಳೂ ಇವೆ. ‘ಬಲ’ ಮತ್ತು ‘ಎಡ’ ಎರಡು ಕಂಜಿಗೂ ತಲೆ ಒಂದೇ ರೀತಿ, ಒಂದು ಅಡ್ಡಗೆರೆ, ಒಂದು ಎಡಕ್ಕಿಳಿಯುವ ಓರೆ. ‘ಬಲ’ದಲ್ಲಿ ಓರೆ ಮೊದಲು, ಅದು ಗಿಡ್ಡ, ಅಡ್ಡಗೆರೆ ಉದ್ದ. ‘ಎಡ’ದಲ್ಲಿ ಅಡ್ಡಗೆರೆ ಮೊದಲು, ಅದು ಗಿಡ್ಡ, ಓರೆ ಉದ್ದ. ಮೊದಲು ಬಂದದ್ದು ಗಿಡ್ಡ ಎಂದು ನೆನಪಿಟ್ಟುಕೊಳ್ಳಿ.

ತೊಮೆ, ಹನೆ ಬಗ್ಗೆ ಒಂದು ಮಾತು. ಹೊಸಬರು ಅದನ್ನು ಕಲಿಯಲೇಬೇಕು. ಆದರೆ ಒಂದು ಕೊಕ್ಕೆಗೆ ಅಕ್ಷರವನ್ನೇ ತಪ್ಪು ಅನ್ನುವುದು ಸರಿಯಲ್ಲ. ಜಪಾನಿನ ಸಂಸ್ಕೃತಿ ಇಲಾಖೆ 2016ರ ಫೆಬ್ರುವರಿಯಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ‘ಮರ’ದ ಕಾಂಡದ ತುದಿ ನಿಂತರೂ ಸರಿ, ಚಿಮ್ಮಿದರೂ ಸರಿ. ಎಲುಬುಗೂಡು ಬದಲಾಗಬಾರದು, ಅಷ್ಟೇ. ಗೆರೆಯ ಉದ್ದದಿಂದಲೇ ಅಕ್ಷರ ಬದಲಾಗುವ ಕಡೆ ಮಾತ್ರ ರಿಯಾಯಿತಿ ಇಲ್ಲ: ಎರಡು ಅಡ್ಡಗೆರೆಯಲ್ಲಿ ಕೆಳಗಿನದು ಉದ್ದವಿದ್ದರೆ ‘ಮಣ್ಣು’, ಮೇಲಿನದು ಉದ್ದವಿದ್ದರೆ ‘ಯೋಧ’. ಮರದ ಮೇಲೆ ಇನ್ನೊಂದು ಗೆರೆ ಗಿಡ್ಡವಿದ್ದರೆ ‘ಇನ್ನೂ ಇಲ್ಲ’, ಉದ್ದವಿದ್ದರೆ ‘ಕೊನೆ’.

ಹೊಳಲು_ರಸ್ತೆ, ಮಂಡ್ಯ:

ಎಲ್ಲರಿಗೂ ತುಂಬಾ ಧನ್ಯವಾದ. ‘ಹೊನೆ’ ನೋಡಿದೆ, ಚೌಕ ಎಡಕ್ಕೇ ಇತ್ತು. ಭಾಷೆ ಸೇರಿಸಿದ ಮೇಲೆ ಬಲಕ್ಕೆ ಬಂತು. ಇನ್ನು ಎರಡೇ ಪ್ರಶ್ನೆ. 400 ಮನೆ ಹಾಳೆಯಲ್ಲಿ ಮೇಲಿಂದ ಕೆಳಕ್ಕೆ ಪ್ರಬಂಧ ಬರೆಯೋಕೆ ಹೇಳಿದ್ದಾರೆ, ಅದರ ನಿಯಮ ಏನು? ನಮ್ಮ ಕಡೆಯ ಹೆಸರು, ಊರು ಕತಕನದಲ್ಲಿ ಹೇಗೆ?

ಸೊನ್ನೆ_ಒತ್ತು, ಮೈಸೂರು:

ಅದು ‘ಗೆಂಕೋ ಯೋಶಿ’. 20 ಮನೆಯ 20 ಸಾಲು. ಬಲತುದಿಯ ಸಾಲಿಂದ ಶುರು. ಮೊದಲ ಸಾಲಿನಲ್ಲಿ ಮೇಲಿಂದ ಎರಡು ಮೂರು ಮನೆ ಬಿಟ್ಟು ಶೀರ್ಷಿಕೆ, ಎರಡನೇ ಸಾಲಿನ ಕೆಳಭಾಗದಲ್ಲಿ ಹೆಸರು, ತಳದ ಒಂದು ಮನೆ ಖಾಲಿ. ಪ್ಯಾರಾ ಶುರುವಾಗುವಾಗ ಒಂದು ಮನೆ ಬಿಡಿ. ಪದಗಳ ನಡುವೆ ಮಾತ್ರ ಜಾಗ ಬಿಡಬೇಡಿ, ಕನ್ನಡದ ಕೈ ಅಲ್ಲಿ ತಾನಾಗೇ ಜಾಗ ಬಿಡೋಕೆ ಹೋಗುತ್ತೆ.

ಪೂರ್ಣವಿರಾಮ ಅನ್ನೋದು ಪುಟ್ಟ ಸೊನ್ನೆ, ಅದಕ್ಕೂ ಅಲ್ಪವಿರಾಮಕ್ಕೂ ಒಂದೊಂದು ಮನೆ. ಅಡ್ಡ ಬರೆಯುವಾಗ ಅದು ಮನೆಯ ಎಡಕೆಳ ಮೂಲೆಯಲ್ಲಿ ಇರುತ್ತೆ, ನೀಟ ಬರೆಯುವಾಗ ಬಲಮೇಲಿನ ಮೂಲೆಗೆ ಹೋಗುತ್ತೆ. ಚಿಕ್ಕ ತ್ಸು, ಚಿಕ್ಕ ಯ ಕೂಡ ಹಾಗೇ. ವಿರಾಮ ಚಿಹ್ನೆ ಸಾಲಿನ ತಲೆಗೆ ಬರಬಾರದು. ಹಾಗೆ ಬೀಳೋದಾದರೆ ಹಿಂದಿನ ಸಾಲಿನ ಕೊನೆ ಮನೆಯಲ್ಲೇ ಅಕ್ಷರದ ಜೊತೆ ಸೇರಿಸಿ. ಕತಕನದಲ್ಲಿ ದೀರ್ಘ ತೋರಿಸೋ ಉದ್ದಗೆರೆ ನೀಟ ಬರಹದಲ್ಲಿ ಎದ್ದು ನಿಲ್ಲಬೇಕು, ಮಲಗಿಸಿದರೆ ‘ಒಂದು’ ಅನ್ನೋ ಕಂಜಿ ಆಗಿಬಿಡುತ್ತೆ.

ಮೈಸೂರು: ಮ, ಇ, ಸು, ಉದ್ದಗೆರೆ, ರು. ಮಂಡ್ಯ: ಮ, ನ್, ದೆ, ಚಿಕ್ಕ ಇ, ಯ. ‘ದಿ’ ಅನ್ನೋ ಉಚ್ಚಾರ ಅವರ ಮೂಲ ಅಕ್ಷರಮಾಲೆಯಲ್ಲಿ ಇಲ್ಲ, ಅದಕ್ಕೇ ‘ದೆ’ಗೆ ಚಿಕ್ಕ ‘ಇ’. ಗೌಡ: ಗ, ಉ, ದ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ‘ಗೊ’ ಹಾಕಬೇಡಿ. ಮಂಜುನಾಥ್: ಮ, ನ್, ಜಿ, ಚಿಕ್ಕ ಯು, ನ, ಉದ್ದಗೆರೆ, ತೊ. ‘ಮಂಜುನಾಥ’ ಅಂತ ಅಕಾರದಲ್ಲಿ ಮುಗಿಸೋರು ಕೊನೆಗೆ ‘ತೊ’ ಬದಲು ‘ತ’ ಬರೀರಿ. ಲ, ಳ, ರ ಮೂರಕ್ಕೂ ‘ರ’ ಒಂದೇ.

ಹೆಸರಿಗೆ ಹೀಗೆ ಒಂದಕ್ಕಿಂತ ಹೆಚ್ಚು ರೂಪ ಸಾಧ್ಯ ಇರೋದರಿಂದ ಈಗಲೇ ಒಂದನ್ನ ಆರಿಸಿ, ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಜಪಾನಿನ ಬ್ಯಾಂಕಿನ ಫಾರ್ಮ್‌ಗಳಲ್ಲಿ ಹೆಸರಿನ ಪಕ್ಕ ಕತಕನದ ಓದು ಕೇಳ್ತಾರೆ. ಒಂದು ಕಡೆ ‘ತೊ’, ಇನ್ನೊಂದು ಕಡೆ ‘ತ’ ಬರೆದರೆ ಎರಡು ಹೆಸರು ತಾಳೆ ಆಗಲ್ಲ.